ಟಾರು ರೋಡಿನ ಕಣ

ಹೊಸದಾಗಿ ಟಾರು ಹಾಕಿದ ಆ ರಸ್ತೆಗೆ ಇದ್ದದ್ದು ಒಂದೇ ಕೊರತೆ: ಅದರ ಮೇಲೆ ಯಾವ ಗಾಡಿಯೂ ಓಡಾಡುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೇ ರಾಗಿ ತೆನೆ ಹರಡಿ ಕೂತ ತಿಮ್ಮಯ್ಯನಿಗೆ ಹತ್ತು ಗಂಟೆಗೆ ಅದು ಹೊಳೆಯಿತು.

ಮಾರೇನಹಳ್ಳಿಯ ಅವನ ಹೊಲ ವಿಜಯನಗರ ಬಡಾವಣೆಯ ಸೈಟುಗಳಾಗಿ ಎರಡು ವರ್ಷವಾಗಿತ್ತು. ಎತ್ತು ಮಾರಿ, ಅವನೀಗ ಕಾರ್ಖಾನೆಯಲ್ಲಿ ನಟ್ಟು ತಿರುಗಿಸುತ್ತಿದ್ದ. ಆದರೆ ಹುಟ್ಟಿದಾಗಿನಿಂದ ಅಂಗಡಿ ರಾಗಿಯ ಮುದ್ದೆ ಮುಟ್ಟಿದವನಲ್ಲ, ಮುಟ್ಟುವವನೂ ಅಲ್ಲ. ನೆಲದಡಿಯ ಹಗೇವಿನಲ್ಲಿ ಕೂಡಿಟ್ಟಿದ್ದ ಹಳೆಯ ರಾಗಿ ನಿನ್ನೆಗೆ ಮುಗಿದಿತ್ತು. ಮನೆ ಪಕ್ಕದ ಎರಡು ಖಾಲಿ ಸೈಟಿನಲ್ಲಿ ಬೆಳೆದದ್ದನ್ನು ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಟ್ಟರೆ, ರಾತ್ರಿಗೆ ಸ್ವಂತ ಬೆಳೆಯ ಮುದ್ದೆ.

ಬಂದದ್ದು ಹಾಲಿನ ಕಿಟ್ಟಿಯ ಸೈಕಲ್ಲೊಂದೇ. ಅದೂ ತೆನೆಯ ಮೇಲೆ ಜಾರಿ, ಹಾಲು ಚೆಲ್ಲಿ, ಕಿಟ್ಟಿ ಬೈದುಕೊಂಡು ಹೋದ.

"ಯಾಕಣ್ಣ, ರೋಡಿಗೆ ಹಾಸಿಗೆ ಹಾಸಿದೀರಾ? ಮಿನಿಸ್ಟರ್ ಬರ್ತಾರಾ?" ಎದುರು ಮನೆ ಅಂಬುಜಾ ಕೇಳಿದಳು.

"ಲಾರಿ ಬಂದ್ರೆ ಸಾಕು ಕಣಮ್ಮ."

ಬೀದಿಗೆಲ್ಲ ಇದ್ದದ್ದು ಒಂದೇ ಕಾರು, ಧಾರವಾಡದ ಕಡೆಯ ರೇವಣಸಿದ್ದಪ್ಪನವರದು. ತಿಮ್ಮಯ್ಯ ಅವರ ಬಾಗಿಲು ತಟ್ಟಿದ.

"ಎರಡ ತಿಂಗಳಾತು, ಅದು ಕೆಮ್ಮೂದೂ ಬಿಟ್ಟೈತಿ," ಎಂದರು ಅವರು.

"ನಾವು ಕೆಮ್ಮಿಸ್ತೀವಿ, ಹತ್ತಿ ಸಾರ್!"

ತಿಮ್ಮಯ್ಯ ಮನೆಮನೆಗೆ ಹೋಗಿ ಜನ ಎಬ್ಬಿಸಿದ. ಬಹುತೇಕ ಎಲ್ಲರೂ ವರ್ಗವಾಗಿ ಬಂದ ಧಾರವಾಡದ ಕಡೆಯವರೇ. ಕಾರಿನ ಹಿಂದೆ ನೂಕುವವರು ಹತ್ತು ಜನ, ಮುಂದೆ ಬುದ್ಧಿ ಹೇಳುವವರು ಇಪ್ಪತ್ತು. ಕಾರು ಕೆಸರಿನಲ್ಲಿ ಮಲಗಿದ ಎಮ್ಮೆಯ ಹಾಗೆ ನರಳಿತು.

"ಗೇರ್ ಹಾಕ್ರೀ!"

"ಹಾಕೀನ್ರೀ! ಯಾವ್ದು ಅಂತ ತಿಳೀವಲ್ದು!"

ಢಂ ಎಂದು ಹೊಗೆ ಉಗುಳಿ ಕಾರು ತೆನೆಯ ಮೇಲೆ ನುಗ್ಗಿತು. ನಿಲ್ಲಿಸಿದರೆ ಮತ್ತೆ ಹೊರಡಲಿಕ್ಕಿಲ್ಲವೆಂಬ ಭಯಕ್ಕೆ ರೇವಣಸಿದ್ದಪ್ಪನವರು ಪೆಟ್ರೋಲು ತೀರುವ ತನಕ ಗಾಣದೆತ್ತಿನಂತೆ ಸುತ್ತಿದರು. ಮೂರು ಗಂಟೆಗೆ ಗಾಳಿಯೂ ಬೀಸಿತು. ಉತ್ಸಾಹ ಇಳಿಯದ ಜನ ಮೊರ ಹಿಡಿದು ತೂರಿದರು. ಮೊಣಕಾಲೆತ್ತರ ರಾಗಿ ರಾಶಿ ಬಿತ್ತು. ತಿಮ್ಮಯ್ಯನ ಕಣ್ಣು ತುಂಬಿತು.

ಆಗ ಅವನ ತಾಯಿ ಪಟಾಲಮ್ಮ ಬಂದು, ರಾಶಿಗೆ ಗರಿಕೆ ಸಿಕ್ಕಿಸಿ, ಕೈಮುಗಿದು, ಮೊರ ಎತ್ತಿಕೊಂಡಳು.

"ಕೈ ಹಾಕ್ದೋರೆಲ್ಲ ಸೆರಗು ಒಡ್ಡಿ, ಪಂಚೆ ಒಡ್ಡಿ. ಕಣಕ್ಕೆ ಬಂದೋರ್ನ ಬರಿಗೈಲಿ ಕಳ್ಸಬಾರ್ದು."

"ಅವ್ವಾ, ಇದು ಕಣ ಅಲ್ಲ, ರೋಡು!"

"ರಾಸಿ ಬಿದ್ದ ಜಾಗ ಕಣ ಕಣೋ. ನಿಮ್ಮಪ್ಪ ಹಿಂಗೆ ಅಡ್ಡ ಬರ್ತಿರ್ಲಿಲ್ಲ. ತೆಗಿ ಕೈ."

ನೂಕಿದವರಿಗೆ ಒಂದು ಮೊರ, ಬುದ್ಧಿ ಹೇಳಿದವರಿಗೆ ಅರ್ಧ.

"ನಾವು ಜ್ವಾಳದ ರೊಟ್ಟಿ ತಿನ್ನೋರು ಅಜ್ಜಿ, ನಮಗ್ಯಾಕ?" ಎಂದು ಹಿಂದೆ ಸರಿದರು ರೇವಣಸಿದ್ದಪ್ಪನವರ ಹೆಂಡತಿ ಜಯದೇವಿ.

"ಬ್ಯಾಡ ಅಂದ್ರೆ ಬೆಳೆ ಮುನಿಸ್ಕೊಳ್ತದೆ ತಾಯಿ," ಎಂದು ಪಟಾಲಮ್ಮ ಆಕೆಗೆ ಎರಡು ಮೊರ ಸುರಿದಳು. ಕಾರಿನ ಪಾಲು ಬೇರೆ!

ಕೊನೆಗೆ ಕಣದಲ್ಲಿ ಉಳಿದದ್ದು ಹೊಟ್ಟು ಮತ್ತು ತಿಮ್ಮಯ್ಯ.

ಸಂಜೆ, ಹೊಟ್ಟೆ ಚುರುಗುಟ್ಟಿದಾಗ, ಅವನು ಚೀಲವನ್ನು ಕಂಕುಳಲ್ಲಿ ಅಡಗಿಸಿಕೊಂಡು ನಾಗರಾಜುವಿನ ಅಂಗಡಿಗೆ ಹೋದ. ಆಚೀಚೆ ನೋಡಿ, "ಎರಡು ಸೇರು ರಾಗಿ," ಎಂದು ಪಿಸುಗುಟ್ಟಿದ.

"ಅದೃಷ್ಟ ನಿಮ್ದು, ತಿಮ್ಮಯ್ಯಣ್ಣ! ಈಗ ಬಂದ ಹೊಸ ಮಾಲು. ನಿಮ್ಮ ಬೀದಿಯೋರೆಲ್ಲ ಸಾಲಾಗಿ ಬಂದು ಸುರಿದು, ಬದಲಿಗೆ ಜೋಳ ತಗೊಂಡೋದ್ರು."

ತಿಮ್ಮಯ್ಯ ಮೂಟೆಗೆ ಕೈ ಹಾಕಿ ಮೂಸಿದ. ಕಾಳಿನಲ್ಲಿ ಇನ್ನೂ ಪೆಟ್ರೋಲಿನ ವಾಸನೆ.

"ಎರಡಲ್ಲ," ಎಂದ ಹಲ್ಲು ಕಚ್ಚಿ, "ಅಷ್ಟೂ ಕೊಡು."

"ಅಷ್ಟೂ ಅಂದ್ರೆ ರೇಟು ಸ್ವಲ್ಪ ಜಾಸ್ತಿ ಅಣ್ಣ," ಎಂದ ನಾಗರಾಜು. "ಇಂಥ ರಾಗಿನ ಈಗ ಯಾರು ಬೆಳೀತಾರೆ ಹೇಳಿ?"