ಅಪ್ಪನಿಗೆ ಆಟ ಕಲಿಸಿದ್ದು

ಎವುಸೇಬಿಯೊ ಸಾಮಾನ್ಯ ಆಸಾಮಿಯಲ್ಲ. ಆಂಡಿಸ್ ಬೆಟ್ಟದ ಗಣಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸುತ್ತಿದ್ದವನು. ಅವನ ಹೆಜ್ಜೆ ಸಪ್ಪಳಕ್ಕೇ ಬಂಡೆಗಳು ಬಿರಿಯುತ್ತಿದ್ದವಂತೆ (ಹೇಳಿದ್ದು ಅವನೇ). ಇಂಥ ಮಹಾಶೂರ ಗಣಿ ಮುಚ್ಚಿತೆಂದು ಮನೆಗೆ ಬಂದರೆ, ಒಂದೂವರೆ ವರ್ಷದ ಮಗಳು ಮರ್ಲೇನಿ ಅವನ ಮೀಸೆ ಕಂಡದ್ದೇ ತಡ, ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಆಮೇಲೆ ದಿನವೂ ಅದೇ ಕಥೆ. ಎತ್ತಿಕೊಂಡರೆ ಅಳು, ಇಳಿಸಿದರೆ ಅಳು, ಸುಮ್ಮನೆ ನೋಡಿದರೂ ಅಳು. ಮೇಲೆ ಗದರಿದರೂ ಅವನಿಗೆ ಒಳಗೊಳಗೇ ಸಂಕಟ. ಸ್ವಂತ ಮಗಳಿಗೆ ತಾನು ಕಳ್ಳನಂತೆ ಕಾಣುತ್ತಿದ್ದೇನಲ್ಲ!

"ನಾಳೆ ಬೆನೀತಕ್ಕ ಬರ್ತಾಳೆ," ಎಂದಳು ಹೆಂಡತಿ ನಿಲ್ಡಾ. "ಎಳೇ ಮಕ್ಕಳಿರೋ ಮನೆಗೆಲ್ಲ ಹೋಗಿ ಆಟ ಹೇಳ್ಕೊಡ್ತಾಳೆ. ನಾನು ಸಂತೇಲಿ ಚೀಸ್ ಮಾರೋಕೆ ಹೋಗ್ತೀನಿ, ನೀನಿರು."

"ನಮ್ಮಪ್ಪ ನಮ್ಮನ್ನ ಆಡಿಸಿದ್ನಾ? ನಾವು ಬೆಳೀಲಿಲ್ವಾ?"

"ಬೆಳೆದ್ರಿ. ಅಪ್ಪ ಕೆಮ್ಮಿದ್ರೆ ಮಂಚದ ಕೆಳಗೆ ಸೇರ್ಕೋತಿದ್ರಂತೆ. ನಿಮ್ಮಮ್ಮನೇ ಹೇಳಿದ್ದು."

ಎವುಸೇಬಿಯೊ ಮೀಸೆ ತಿರುವುತ್ತ ಹಿತ್ತಲಿಗೆ ನಡೆದ.

ಮರುದಿನ ಬೆನೀತಕ್ಕ ಬಂದಾಗ ಅವನು ಬಾಗಿಲಲ್ಲೇ ಹೇಳಿದ: "ಮಗು ಒಳಗಿದೆ, ಕಲಿಸಿ. ನಾನು ಹೊರಗಿರ್ತೀನಿ."

"ಅವಳಿಗೆ ಆಡೋಕೆ ಬರುತ್ತಪ್ಪ. ಬರದೇ ಇರೋದು ನಿನಗೆ. ನೆಲದ ಮೇಲೆ ಕೂತ್ಕೋ. ಅವಳನ್ನ ಮುಟ್ಬೇಡ. ಅವಳು ಏನು ಮಾಡ್ತಾಳೋ ಅದನ್ನೇ ಮಾಡು."

ಮರ್ಲೇನಿ ತಟ್ಟೆ ಬಡಿದಳು. ಅವನೂ ಬಡಿದ. ಅವಳು ಅನುಮಾನದಿಂದ ನೋಡಿ ನಾಲಿಗೆ ಚಾಚಿದಳು. ಅವನೂ ಚಾಚಿದ. ಹಿತ್ತಲ ಕುರಿಯಂತೆ "ಬ್ಯಾ" ಎಂದಳು. ಗಣಿವೀರ ಗಂಟಲು ಸರಿಮಾಡಿಕೊಂಡು "ಬ್ಯಾ" ಎಂದ. ಮಗು ತೆವಳಿಕೊಂಡು ಬಂದು, ಮೀಸೆ ಹಿಡಿದು ಜಗ್ಗಿ, ಕಿಲಕಿಲ ನಕ್ಕುಬಿಟ್ಟಿತು. ಅವನ ಕಣ್ಣಲ್ಲಿ ನೀರು (ಮೀಸೆ ಜಗ್ಗಿದ ನೋವಿಗೆ ಎಂದು ಆಮೇಲೆ ವಾದಿಸಿದ).

ಇನ್ನು ಕೇಳಬೇಕೆ! ಬಿಳಿ ಕಂಬಳಿಯೊಂದನ್ನು ಕಣ್ಣೂ ಕಾಣದಂತೆ ತಲೆತುಂಬ ಹೊದ್ದು ಸಂಪೂರ್ಣ ಕುರಿಯಾದ. ಮಗಳ ನಗು ನಿಂತಾಗ, ಅವಿತುಕೊಂಡಿದ್ದಾಳೆ ಕಳ್ಳಿ ಎಂದುಕೊಂಡು, ಇನ್ನೂ ಜೋರಾಗಿ ಬ್ಯಾಗುಟ್ಟುತ್ತ ಅಂಬೆಗಾಲಲ್ಲಿ ಮನೆಯೆಲ್ಲ ಸುತ್ತಿದ. ಕೊನೆಗೆ ಯಾರದೋ ಕಾಲಿಗೆ ಹಾಯ್ದ.

"ಶ್ಶ್! ಮೆಲ್ಲಗೆ!" ನಿಲ್ಡಾಳ ದನಿ.

ಕಂಬಳಿ ಸರಿಸಿದರೆ, ಸಂತೆಯಿಂದ ಬಂದ ಹೆಂಡತಿ ನಿಂತಿದ್ದಾಳೆ. ಬೆನೀತಕ್ಕನ ತೋಳಲ್ಲಿ ಮರ್ಲೇನಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಬಾಗಿಲ ತುಂಬ ನೆರೆಮನೆಯ ಹೆಂಗಸರು.

"ಅವಳು ಮಲಗಿ ಎಷ್ಟು ಹೊತ್ತಾಯ್ತು?" ಎಂದ ಅವನು.

"ಆಗ್ಲೇ ಮಲಗಿದ್ಳು," ಎಂದಳು ಬೆನೀತಕ್ಕ. "ನೀನು ಇಷ್ಟು ಚೆನ್ನಾಗಿ ಆಡ್ತಿದ್ದೆ, ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಮುಂದೆ ಬಂದಳು. "ನಿಲ್ಡಾ, ನಾಳೆ ಇವನನ್ನ ನಮ್ಮನೆಗೂ ಕಳಿಸ್ತೀಯಾ ತಾಯಿ? ನಮ್ಮ ಮೊಮ್ಮಗನ ಹಟ ವಿಪರೀತ."

ಎವುಸೇಬಿಯೊ ಎದೆಯುಬ್ಬಿಸಿ, ಬಂಡೆ ಬಿರಿಯುವ ತನ್ನ ಗಣಿಯ ದನಿಯಲ್ಲಿ ಗದರಲು ಬಾಯಿ ತೆರೆದ. ಕುರಿಯಾಗಿ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಹೊರಬಂದದ್ದು ಸಣ್ಣಗೆ, "ಬ್ಯಾ."