ಹೊಗೆಗೂಡಿಗೆ ಹೊಸ ಕೊಳವೆ

ಗುಮಾಸ್ತರ ಮಾತನ್ನು ಅಡ್ಡಬಾಯಿ ಹಾಕದೆ ಕೇಳುತ್ತಿದ್ದದ್ದು ಇಡೀ ಮನೆಯಲ್ಲಿ ಅಡುಗೆಮನೆಯ ಸೌದೆ ಒಲೆ ಒಂದೇ. ಹೆಂಡತಿ ಏಳುವ ಮೊದಲೇ ಅವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆಂಕಿ ಹಚ್ಚುತ್ತಾ, ಅತ್ತೆಯ ವಿರುದ್ಧ ತಮ್ಮ ಅಹವಾಲನ್ನು ಸವಿಸ್ತಾರವಾಗಿ ಮಂಡಿಸುತ್ತಿದ್ದರು. ವಾರಕ್ಕೆಂದು ಬಂದ ಅತ್ತೆ ಮಹಡಿಯ ಕೋಣೆಯಲ್ಲಿ ಠಿಕಾಣಿ ಹೂಡಿ ವರ್ಷಗಳೇ ಆಗಿದ್ದವು. ಅವರ ಗೊರಕೆಯ ಅನುಕರಣೆಯೊಂದಿಗೆ ಭಾಷಣ ಮುಗಿಯುತ್ತಿತ್ತು. (ಚೆನ್ನಾಗಿಯೇ ಮಾಡುತ್ತಿದ್ದರು, ಸುಳ್ಳೇಕೆ ಹೇಳಬೇಕು?)

ಹೊಗೆಗೂಡಿನ ಹಳೆಯ ಬಿರುಕು ದೊಡ್ಡದಾಗಿ ಮಹಡಿಗೆ ಹೊಗೆ ನುಗ್ಗತೊಡಗಿದಾಗ, ಅದರೊಳಗೆ ಸ್ಟೀಲ್ ಕೊಳವೆ ಇಳಿಸಲು ರಿಪೇರಿಯವನು ಬಂದ. ಅತ್ತೆ, ಹೆಂಡತಿ ಇಬ್ಬರೂ ಪೇಟೆಗೆ ಹೋಗಿದ್ದರು. ಅವನು ಗೋಡೆ ಪರೀಕ್ಷಿಸಲು ಅತ್ತೆಯ ಕೋಣೆಗೆ ಹೋದ. ಕೆಳಗೆ ಗುಮಾಸ್ತರು ತಣ್ಣಗಿದ್ದ ಒಲೆಯೊಳಗೆ ತಲೆ ತೂರಿಸಿ ಗೊಣಗಿದರು.

"ಹೊಗೆ ಹಾಕಿದ್ರೂ ಜಾಗ ಬಿಡಲ್ಲವಲ್ಲ ಈ ಮಹಾರಾಣಿ!"

"ಯಾವ ಮಹಾರಾಣಿ ಸಾರ್?" ಎಂದಿತು ಒಲೆ.

ಗುಮಾಸ್ತರು ಬೆಚ್ಚಿ ತಲೆ ಎತ್ತಿದ್ದಕ್ಕೆ ಇಟ್ಟಿಗೆ ಬಡಿಯಿತು.

"ನಾನೇ ಸಾರ್, ಮೇಲಿಂದ! ಇಲ್ಲಿ ಮಂಚದ ತಲೆ ಹತ್ರಾನೇ ಇಟ್ಟಿಗೆ ಸಂದು ಬಿಟ್ಟಿದೆ. ನೀವು ಪಿಸುಗುಟ್ಟಿದ್ರೂ ಕಿವೀಲಿ ಹೇಳಿದ ಹಾಗೆ ಕೇಳ್ಸುತ್ತೆ!"

ಗುಮಾಸ್ತರು ತಲೆ ಉಜ್ಜಿಕೊಳ್ಳುತ್ತಾ ಲೆಕ್ಕ ಹಾಕಿದರು. ಮಂಚದ ತಲೆ ಎಂದರೆ ಅತ್ತೆಯ ದಿಂಬು! ಇಷ್ಟು ವರ್ಷ ಬೈದದ್ದೆಲ್ಲ ನೇರವಾಗಿ ಅಲ್ಲಿಗೇ ಬಟವಾಡೆ ಆಗಿತ್ತೇ? ಅತ್ತೆಗೆ ಕೇಳಿಸಿದ್ದರೆ ಮಾನ ಹೋಯಿತು. ಹೆಂಡತಿಗೆ ಗೊತ್ತಾದರೆ ತಾವೇ ಮನೆ ಬಿಡಬೇಕಾಗುತ್ತದೆ. ಇಲ್ಲ, ಆ ಹೊತ್ತಿಗೆ ಅತ್ತೆಗೆ ಗಾಢನಿದ್ರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಇವತ್ತೇ ಮುಚ್ಚಿಬಿಡಪ್ಪಾ! ಸೊಳ್ಳೆ ದನಿಯೂ ಮೇಲೆ ಹೋಗಬಾರದು!"

ಸಂಜೆಯೊಳಗೆ ಸಂದು ಮುಚ್ಚಿ, ಕೊಳವೆ ಇಳಿಯಿತು. ಪೇಟೆಯಿಂದ ಬಂದ ಅತ್ತೆ ನೇರವಾಗಿ ಮಹಡಿ ಹತ್ತಿದರು.

ಮರುದಿನ ಬೆಳಿಗ್ಗೆ ಗುಮಾಸ್ತರು ನಿರಾಳವಾಗಿ ಬೆಂಕಿ ಹಚ್ಚಿ, ಗಂಟಲು ಸರಿಮಾಡಿಕೊಂಡು ಇನ್ನೇನು ಶುರುಮಾಡಬೇಕು, ಮೆಟ್ಟಿಲ ಮೇಲೆ ಧಡಧಡ ಸದ್ದು. ಅತ್ತೆ ಕುರ್ಚಿ ಎಳೆದುಕೊಂಡು ಇಳಿದುಬರುತ್ತಿದ್ದಾರೆ!

"ಅದೇನು ಕೊಳವೆ ಹಾಕ್ಸಿದ್ರೋ ಅಳಿಯಂದ್ರೇ, ಮೇಲೆ ಒಂದಕ್ಷರ ಕೇಳಿಸ್ತಿಲ್ಲ. ಇನ್ಮೇಲೆ ಇಲ್ಲೇ ಕೂತ್ಕೋತೀನಿ."

"ಅ... ಅತ್ತೆ... ಅದು..."

"ಬಂದ ವಾರಕ್ಕೇ ಊರಿಗೆ ಹೊರಡೋಳಿದ್ದೆ. ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಬೈಗುಳ ಕೇಳಿ ನಕ್ಕೂ ನಕ್ಕೂ, ಬಿಟ್ಟುಹೋಗೋಕೆ ಮನಸ್ಸೇ ಬರ್ಲಿಲ್ಲ ನೋಡಿ."

ಸದ್ದಿಗೆ ಎದ್ದ ಹೆಂಡತಿ ಕಣ್ಣುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಏನಮ್ಮಾ ಅದು, ಯಾವ ಬೈಗುಳ?"

ಅತ್ತೆ ಅಕ್ಕರೆಯಿಂದ ಮಣೆಯೊಂದನ್ನು ಅವಳತ್ತ ಸರಿಸಿದರು.

"ಬಾ, ನೀನೂ ಕೂತ್ಕೋ. ಅಳಿಯಂದ್ರು ಈಗ ಶುರುಮಾಡ್ತಾರೆ."