ಗಾಜಿಲ್ಲದ ಫೋಟೊಗೆ ಮೀಸೆ

ಒಂದು ಒಗಟು ಹೇಳ್ತೇನೆ, ಬಿಡಿಸಿ ನೋಡುವ. ಒಬ್ಬಳಿಗೆ ಹತ್ತು ಗಂಟೆಗೆ ಮೀಸೆ ಬಂತು, ಹತ್ತೂವರೆಗೆ ಸತ್ತಳು, ಹನ್ನೊಂದಕ್ಕೆ ಟ್ಯಾಕ್ಸಿಯಲ್ಲಿ ಬಂದು ಇಳಿದಳು. ಯಾರು? ಬಿಡಿ, ನಿಮ್ಮಿಂದ ಆಗುವುದಿಲ್ಲ. ಒಂಬತ್ತನೇ ಕ್ಲಾಸನ್ನು ಎರಡೆರಡು ಸಲ ಓದಿದ ನನ್ನಿಂದಲೇ ಆಗುತ್ತಿರಲಿಲ್ಲ, ಕಣ್ಣೆದುರು ನಡೆಯದಿದ್ದರೆ. ನಾನಿರುವ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಮಾಡುವುದಲ್ಲ, ಆಗುವುದು. ಅಮ್ಮ ಮಾತ್ರ ಒಪ್ಪುವುದಿಲ್ಲ.

೧. ಧಣಿಗಳ ತಾಯಿ

ಗಾಜಿನ ಹಿಂದೆ ಮುಖ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಜೇಬಿನಲ್ಲಿ ಯಾವಾಗಲೂ ಒಂದು ಕಪ್ಪು ಮಾರ್ಕರ್. ಗಾಜಿನ ಮೇಲೆ ಬರೆದದ್ದು ಒದ್ದೆ ಬಟ್ಟೆಗೆ ಹೋಗುತ್ತದಲ್ಲ, ಯಾರಿಗೇನು ನಷ್ಟ?

ಡೊಂಬಿವಲಿ ಎಂಐಡಿಸಿಯ ಫ್ಯಾಕ್ಟರಿಗಳ ನಡುವೆ ಅಪ್ಪ ಕೆಲಸ ಮಾಡುವ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮೇಲೆ ಧಣಿಗಳ ತಾಯಿಯ ಫೋಟೊ ಉಂಟು. ಒಮ್ಮೆ ಅದಕ್ಕೂ ಮೀಸೆ ಇಟ್ಟೆ. ಅಪ್ಪ ಒದ್ದೆ ಬಟ್ಟೆ ಹಿಡಿದು ಓಡಿ ಬರುವಷ್ಟರಲ್ಲಿ ಧಣಿಗಳೇ ಒಳಗೆ ಬಂದರು. ಫೋಟೊ ನೋಡಿದರು. ನೋಡಿಯೇ ನೋಡಿದರು. ಅಪ್ಪನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅರೆ, ಇದು ನಮ್ಮ ಅಜ್ಜನ ಫೋಟೊ ಅಲ್ವಾ? ಯಾವಾಗ ಹಾಕಿಸಿದ್ದು ಮಾರಾಯ?"

"ನಿನ್ನೆ," ಅಂದರು ಅಪ್ಪ.

೨. ಗೆರೆ ಎಳೆಯದ ಮುಖ

ನನ್ನ ದೊಡ್ಡ ಮಾವನಿಗೆ ನೌಪಾಡಾದಲ್ಲಿ ಸ್ಟುಡಿಯೋ ಇತ್ತು. ಬೆಲ್‌ಬಾಟಮ್ ಕಾಲದಲ್ಲಿ ಪತ್ರಿಕೆಗಳಿಗೆ ಫ್ಯಾಷನ್ ಫೋಟೊ ತೆಗೆಯುತ್ತಿದ್ದರು. ಕಳೆದ ಭಾನುವಾರ ಆ ಹಳೆ ಚಿತ್ರಗಳ ಪ್ರದರ್ಶನ, ಡೊಂಬಿವಲಿ ಪೂರ್ವದ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ.

ನಡುವಿನ ಫೋಟೊದಲ್ಲಿ ಒಬ್ಬಳು ಹುಡುಗಿ. ತೋಳಿಲ್ಲದ ರವಿಕೆ, ಗೋಪುರದಂಥ ತುರುಬು, ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು. "ಎಲ್ಲರ ಫೋಟೊದಲ್ಲೂ ಮೊಡವೆ ಬ್ರಷ್‌ನಲ್ಲಿ ತೆಗೀತಿದ್ದೆ ಮಾರಾಯ. ಈ ಮುಖಕ್ಕೆ ಮಾತ್ರ ಒಂದು ಗೆರೆ ಎಳೀಲಿಲ್ಲ," ಅಂದರು ಮಾವ. ನೆಗೆಟಿವ್ ಮಳೆನೀರಿಗೆ ಹೋಗಿದೆ. ಉಳಿದದ್ದು ಇದೊಂದೇ ಪ್ರಿಂಟು. ಆ ಹುಡುಗಿ ಈಗ ಘಣಸೋಲಿಯಲ್ಲಿ ಅಜ್ಜಿ. ಅವರ ಹತ್ತಿರ ಇದ್ದ ಪ್ರಿಂಟು ಮನೆ ಬದಲಿಸುವಾಗ ಕಳೆದುಹೋಯಿತಂತೆ. ಅವರೇ ಅವತ್ತಿನ ವಿಶೇಷ ಅತಿಥಿ, ಅದು ನನಗೆ ಮತ್ತು ಮಾವನಿಗೆ ಮಾತ್ರ ಗೊತ್ತು. ಹೊರಡುವಾಗ ಈ ಪ್ರಿಂಟನ್ನು ಅವರ ಕೈಗೇ ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದರು.

"ನಾನು ಸ್ಟೇಷನ್ನಿಗೆ ಹೋಗಿ ಅವರನ್ನು ಕರ್ಕೊಂಡು ಬರ್ತೇನೆ. ನೀನು ಏನೂ ಮುಟ್ಬೇಡ, ಆಯ್ತಾ?"

ನಾನು ಮುಟ್ಟಲಿಲ್ಲ. ಮಾರ್ಕರ್ ಮುಟ್ಟಿತು. ಸಪೂರ ಮೀಸೆ, ತುದಿ ಎರಡೂ ಮೇಲಕ್ಕೆ. ಒರೆಸಲು ಹೋದರೆ ಬೆರಳಿಗೆ ಗಾಜೇ ಸಿಗಲಿಲ್ಲ! ಟ್ಯೂಬ್‌ಲೈಟ್ ಹೊಳೆಯುತ್ತದೆಂದು ಮಾವ ಹಿಂದಿನ ದಿನವೇ ಎಲ್ಲ ಗಾಜು ತೆಗೆಸಿದ್ದರು. ಎಂಜಲು ಹಚ್ಚಿ ಉಜ್ಜಿದೆ. ಸಪೂರ ಮೀಸೆ ಹುರಿಮೀಸೆ ಆಯಿತು.

೩. ಚೆಂಡುಹೂವಿನ ಮಾಲೆ

ಅತಿಥಿಗೆ ಹಾಕಲು ತಂದ ಮಾಲೆ ಮೇಜಿನ ಮೇಲಿತ್ತು. ಅದನ್ನೇ ಚೌಕಟ್ಟಿಗೆ ಎರಡು ಸುತ್ತು ಸುತ್ತಿದೆ. ಮೂಗಿನಿಂದ ಗಲ್ಲದವರೆಗೆ ಹೂವೇ ಹೂವು. ಮೀಸೆ ಕಾಣುವುದಿಲ್ಲ. ಉಸಿರು ಬಿಟ್ಟೆ.

ಆದರೆ ಕಪ್ಪು-ಬಿಳುಪು ಫೋಟೊಗೆ ಮಾಲೆ ಹಾಕಿದರೆ ನಮ್ಮವರು ಏನು ತಿಳಿಯುತ್ತಾರೆ? ಬಂದವರೆಲ್ಲ ಅದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಸಂಘದ ಕಾರ್ಯದರ್ಶಿ ಧಾರವಾಡ ಕಡೆಯವರು, ಶೋಕಸಭೆ ಅಂದರೆ ಮೈಯಲ್ಲಿ ಹುರುಪು ಬರುವವರು. ಸೀದಾ ನನ್ನ ಹತ್ತಿರ ಬಂದರು.

"ಅಯ್ಯ, ಯಾವಾಗ ಹೋದ್ರೋ ತಮ್ಮಾ ಇವ್ರು?"

ನನ್ನ ಬಾಯಿಗೆ ಬಂದದ್ದು ಹಿಂದಿ. "ಆಜ್ ಸುಬಹ್, ಅಂಕಲ್."

"ಇವತ್ತ ಮುಂಜಾನೆ? ನಿಮ್ಮ ಮಾವ ಎಲ್ಲಿ?"

"ಇವರನ್ನೇ ತರ್ಲಿಕ್ಕೆ ಹೋಗಿದ್ದಾರೆ."

ಕಾರ್ಯದರ್ಶಿ ಕುರ್ಚಿ ಹಿಡಿದುಕೊಂಡರು. "ಇಲ್ಲಿಗ?"

೪. ಒಂದು ನಿಮಿಷ

ಮೈಕಿನಲ್ಲಿ ಮೌನಾಚರಣೆಯ ಘೋಷಣೆ ಆಯಿತು. ಇಡೀ ಸಭೆ ಎದ್ದು ನಿಂತು ತಲೆ ತಗ್ಗಿಸಿತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಬಿಳಿಕೂದಲಿನ ಒಬ್ಬರು ಒಳಗೆ ಬಂದು, ಎಲ್ಲರೂ ನಿಂತದ್ದು ಕಂಡು, ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತರು. ಓರೆಗಣ್ಣಿನಲ್ಲಿ ನೋಡಿದೆ. ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು.

ಜೀವಮಾನದಲ್ಲಿ ಮೊದಲ ಸಲ ಅರವತ್ತರವರೆಗೆ ತಪ್ಪದೆ ಎಣಿಸಿದೆ. ಮೌನ ಮುಗಿಯಿತು. ಅವರು ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು, "ಪಾಪ, ಯಾರು ಮಗಾ ಹೋದದ್ದು?"

"ನೀವು, ಆಂಟಿ."

ಆಗಲೇ ಮಾವ ಏದುಸಿರು ಬಿಡುತ್ತಾ ಬಂದರು. ಆಂಟಿ ಟ್ಯಾಕ್ಸಿ ಹಿಡಿದು ಬಂದಿದ್ದರು, ಮಾವ ಸ್ಟೇಷನ್ನಿನ ಸೇತುವೆ ಮೇಲೆ ಕಾದು ಕಾದು ಸಾಕಾಗಿದ್ದರು. ಕಾರ್ಯದರ್ಶಿ ಓಡಿಹೋಗಿ ಮಾವನ ಕೈ ಹಿಡಿದರು. "ತಂದ್ರೇನ್ರಿ? ಎಲ್ಲಿ ಇಳಿಸೂದು?"

ಮಾವ ಬಾಯಿ ತೆರೆಯುವ ಮೊದಲೇ ಆ ಆಂಟಿ ಫೋಟೊದ ಮುಂದೆ ನಿಂತಿದ್ದರು. ಕೈ ಎತ್ತಿದರು. ಹೂವು ಸರಿಸಿದರು. ಹುರಿಮೀಸೆ! ಅವರು ಮಾವನತ್ತ ತಿರುಗಿ, "ಇಷ್ಟು ವರ್ಷದ ಮೇಲೆ ಕೊನೆಗೂ ಒಂದು ಗೆರೆ ಎಳೆದ್ರಲ್ಲ!" ಎಂದು ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. ನನ್ನ ತಲೆ ಸವರಿದರು.

ಸುಳ್ಳು. ಹೂವು ಸರಿಸಿದರು ಅಂದಲ್ಲಿಂದ ಮುಂದೆ ಎಲ್ಲ ನಾನೇ ಕಟ್ಟಿದ್ದು. ನಿಜಕ್ಕೆ ಅವರು ಎತ್ತಿದ ಕೈ ಇಳಿಸಿ, "ಬದುಕಿರುವಾಗಲೇ ಇಷ್ಟು ಮರ್ಯಾದೆ ಯಾರಿಗೆ ಸಿಗ್ತದೆ! ಮಾಲೆ ತೆಗೀಬೇಡಿ, ಹಾಗೇ ಕಟ್ಟಿಕೊಡಿ," ಅಂದರು. ಮಾವ ಕಣ್ಣೊರೆಸಿಕೊಳ್ಳುತ್ತಾ ಮಾಲೆ ಸಮೇತ ಪೇಪರಿನಲ್ಲಿ ಸುತ್ತಿಕೊಟ್ಟರು.

ಚೆಂಡುಹೂ ಒಣಗಿ ಉದುರಲು ನಾಲ್ಕು ದಿನ ಬೇಕು ಅಂತ ಅಮ್ಮ ಹೇಳುತ್ತಾರೆ. ಇವತ್ತು ನಾಲ್ಕನೇ ದಿನ. ಆಂಟಿಯ ಹತ್ತಿರ ಮಾವನ ನಂಬರ್ ಉಂಟು. ಮಾವ ಬೆಳಿಗ್ಗೆಯಿಂದ ತಮ್ಮ ಮೊಬೈಲು ಹುಡುಕುತ್ತಿದ್ದಾರೆ. ಅದು ಸ್ವಿಚ್ ಆಫ್ ಆಗಿ ನನ್ನ ಜೇಬಿನಲ್ಲಿದೆ, ಮಾರ್ಕರ್ ಪಕ್ಕದಲ್ಲಿ.